‘ಮೊಬೈಲ್ ಹೋಮ್’ ಮತ್ತು ಅದರ ‘ಆಕ್ಸಲ್’: ಕನ್ನಡದಲ್ಲಿ ಏನೆನ್ನುವುದು?

ಮಾನ್ಯರೇ,

ಅಮೆರಿಕದಲ್ಲಿ ಮೊಬೈಲ್ ಹೋಮ್‌ಗಳಿಂದ ಬಿಚ್ಚಿದ ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಹೊರುವ ಅಡ್ಡ ದಂಡ) ಮತ್ತು ಟೈರುಗಳನ್ನು ಸಾಮಾನು ಸಾಗಿಸುವ ಟ್ರೇಲರುಗಳಿಗೆ ಜೋಡಿಸಿಕೊಳ್ಳುವ ರೂಢಿಯ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಎರಡು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ಮೊಬೈಲ್ ಹೋಮ್’ ಅನ್ನು ‘ಸಂಚಾರಿ ಮನೆ’ ಎಂದರೆ ಊರೂರು ಸುತ್ತುವ ವಾಹನವೆಂದೇ ಓದುಗರು ತಿಳಿಯುತ್ತಾರೆ. ವಾಸ್ತವವಾಗಿ ಅದು ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿ, ಲಾರಿಯಿಂದ ಎಳೆದು ತಂದು, ನಿವೇಶನದಲ್ಲಿ ಕೂರಿಸುವ ಮನೆ. 1976ರ ಜೂನ್‌ನಲ್ಲಿ ಜಾರಿಗೆ ಬಂದ ಒಕ್ಕೂಟ ಸರ್ಕಾರದ ನಿಯಮಗಳಂತೆ ಕಟ್ಟಿದವುಗಳನ್ನು ಅಲ್ಲಿನ ಕಾನೂನು ಈಗ ‘ಮ್ಯಾನುಫ್ಯಾಕ್ಚರ್ಡ್ ಹೋಮ್’ ಎಂದೇ ಕರೆಯುತ್ತದೆ. ಹೆಚ್ಚಿನವು ಒಮ್ಮೆ ನೆಲೆನಿಂತ ಮೇಲೆ ಮತ್ತೆ ಕದಲುವುದಿಲ್ಲ. ನನಗೆ ಇದು ಬರಿಯ ಪದದ ಪ್ರಶ್ನೆಯಲ್ಲ. ಆ ಟೈರು, ಆಕ್ಸಲ್‌ಗಳನ್ನು ರೂಪಿಸಿರುವುದು ಮನೆಯನ್ನು ಸ್ಥಳಕ್ಕೆ ಮುಟ್ಟಿಸುವ ಪ್ರಯಾಣಕ್ಕೇ ಹೊರತು ವರ್ಷಗಟ್ಟಲೆಯ ಓಡಾಟಕ್ಕಲ್ಲ ಎಂಬ ಎಚ್ಚರಿಕೆ ‘ಸಂಚಾರಿ’ ಎಂಬ ಮಾತಿನಿಂದಲೇ ಮಸುಕಾಗುತ್ತದೆ. ‘ತಂದಿರಿಸುವ ಮನೆ’ ಎಂದರೆ ಒಪ್ಪೀತೇ?

‘ಆಕ್ಸಲ್’ಗೆ ‘ಅಚ್ಚು’ ಎಂಬುದು ಪರಿಚಿತ ಪದವೇ. ಆದರೆ ಉದ್ದವಾಗಿರುವ ಅದನ್ನು ಟ್ರೇಲರಿಗಾಗಿ ಕತ್ತರಿಸಿ ಬೆಸೆಯುವುದನ್ನೂ, ಮೊಬೈಲ್ ಹೋಮ್‌ಗೆ ಮಾತ್ರ ಎಂದು ಟೈರಿನ ಬದಿಯ ಮೇಲೆ ಅಚ್ಚೊತ್ತಿರುವುದನ್ನೂ, 14.5 ಇಂಚಿನ ಆ ರಿಮ್ಮಿಗೆ ಸಾಮಾನ್ಯ ಟ್ರೇಲರಿನ 14 ಅಥವಾ 15 ಇಂಚಿನ ಟೈರು ಕೂರದೆಂಬುದನ್ನೂ ಒಟ್ಟಿಗೆ ವಿವರಿಸುವಾಗ ‘ಅಚ್ಚು’ ಎರಡು ಅರ್ಥಗಳಲ್ಲಿ ಬಂದು ಗೊಂದಲವಾಗುತ್ತದೆ.

ಎತ್ತಿನ ಗಾಡಿಯ ಆಕ್ಸಲ್ಲಿಗೆ ಹೇಳುವ ‘ಇರುಸು’ ಎಂಬ ಪದ ನನಗೆ ಹೆಚ್ಚು ಹಿಡಿಸಿದೆ. ರೈಲಿನಲ್ಲಿ ಚಕ್ರದೊಂದಿಗೆ ಆಕ್ಸಲ್ಲೂ ತಿರುಗುತ್ತದೆ. ಎತ್ತಿನ ಗಾಡಿಯಲ್ಲಿ ಇರುಸು ನಿಂತಲ್ಲೇ ಇದ್ದು, ಅದರ ತುದಿಗಳಲ್ಲಿ ಚಕ್ರಗಳು ತಿರುಗುತ್ತವೆ. ಈ ಟ್ರೇಲರುಗಳ ವ್ಯವಸ್ಥೆಯೂ ಎರಡನೆಯ ಬಗೆಯದೇ. ಅಲ್ಲದೆ ಈ ಆಕ್ಸಲ್ಲುಗಳನ್ನು ನಡುವೆ ತುಸು ಮೇಲಕ್ಕೆ ಬಾಗಿರುವಂತೆ ಮಾಡಿರುತ್ತಾರೆ, ಭಾರ ಬಿದ್ದಾಗ ಅದು ನೇರವಾಗುತ್ತದೆ. ಬೆಸೆಯುವಾಗ ಆ ಬಾಗು ಕೆಟ್ಟರೆ ಟೈರು ಒಂದೇ ಬದಿಯಲ್ಲಿ ಸವೆಯುತ್ತದೆ. ‘ಇರುಸಿನ ಬಾಗು’ ಎಂದರೆ ಇದಿಷ್ಟೂ ಸ್ಪಷ್ಟವಾಗುತ್ತದೆ. ಆದರೆ ಗಾಡಿ ಕಂಡಿಲ್ಲದ ಇಂದಿನ ಓದುಗರಿಗೆ ‘ಇರುಸುಮುರುಸು’ ಮಾತ್ರ ಗೊತ್ತಿದ್ದೀತು ಎಂಬ ಅಳುಕೂ ಇದೆ.

ರಬ್ಬರ್ ಟೈರಿನ ಗಾಡಿಗಳಿಗೂ ‘ಇರುಸು’ ಎಂಬ ಪದವನ್ನೇ ಬಳಸುವ ಊರುಗಳಿವೆಯೇ, ಅಥವಾ ಅಲ್ಲೂ ‘ಆಕ್ಸಲ್’ ಎಂದೇ ರೂಢಿಯಾಗಿದೆಯೇ? ನಿಮ್ಮ ಕಡೆಯ ಬಳಕೆಯನ್ನು ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.