ರೋಮ್‌ನಲ್ಲಿ ನಾಲ್ಕು ದಿನ, ಎರಡು ಚಿಕ್ಕ ಮಕ್ಕಳು: ವ್ಯಾಟಿಕನ್ ಮ್ಯೂಸಿಯಂ ಇಟ್ಕೊಳ್ಳೋದಾ, ಬಿಡೋದಾ?

ಸಿಂಚನಾಳ ಅಮ್ಮ
ಬೇಸಿಗೆ ರಜೆಗೆ ರೋಮ್ ಟಿಕೆಟ್ ಆಗಿದೆ. ಏಪ್ರಿಲ್ 20ರ ರಾತ್ರಿ ಇಳೀತೀವಿ, 25ಕ್ಕೆ ವಾಪಸ್. ಮಗಳಿಗೆ ಆರು, ಮಗನಿಗೆ ಎರಡೂವರೆ. ನಮ್ಮೆಜಮಾನ್ರು ಎಕ್ಸೆಲ್ ಶೀಟ್ ಮಾಡಿಟ್ಟಿದ್ದಾರೆ. ಮೊದಲ ದಿನ ಕೊಲೋಸಿಯಂ, ಫೋರಂ (ಹಳೇ ರೋಮ್‌ನ ಮುಖ್ಯ ಚೌಕದ ಅವಶೇಷ), ಸಂಜೆ ಟ್ರೆವಿ ಕಾರಂಜಿ. ಎರಡನೇ ದಿನ ವ್ಯಾಟಿಕನ್ ಮ್ಯೂಸಿಯಂ, ಸೇಂಟ್ ಪೀಟರ್ಸ್ ಚರ್ಚ್, ಅದರ ಗುಮ್ಮಟ. ಮೂರನೇ ದಿನ ಪಾಂಪೆಗೆ (ಜ್ವಾಲಾಮುಖಿ ಬೂದಿಯಲ್ಲಿ ಹೂತುಹೋಗಿದ್ದ ಹಳೇ ಊರು) ಹೋಗಿ ಬರೋದು. ನಾಲ್ಕನೇ ದಿನದ ಕಾಲಂನಲ್ಲಿ "ಉಳಿದದ್ದೆಲ್ಲಾ" ಅಂತ ಇದೆ! ನಮ್ಮತ್ತೆ ಅಂತೂ "ಆ ಕೂಸಿಗೇನು ನೆನಪಿರುತ್ತೆ ಅಂತ ಇಷ್ಟು ದುಡ್ಡು ಸುರೀತೀರಿ" ಅಂತ ದಿನಾ ಅಂತಿದಾರೆ. ಈ ಶೀಟು ನಡೆಯುತ್ತಾ? ಮಗನ ತಳ್ಳುಗಾಡಿ, ಸ್ಟ್ರಾಲರ್ ಒಯ್ಯೋದಾ? ನಾವು ಸಸ್ಯಾಹಾರಿಗಳು, ಮೊಟ್ಟೆನೂ ಇಲ್ಲ.

ಲೆಕ್ಕದ ಮೇಷ್ಟ್ರು
ನಿಮ್ಮತ್ತೆಯವರ ಮಾತಿಗೆ ನನ್ನದೊಂದು ಸಹಿ. ಮೂರು ವರ್ಷದೊಳಗೆ ಕಂಡದ್ದು ದೊಡ್ಡವರಾದ ಮೇಲೆ ಹೆಚ್ಚುಕಮ್ಮಿ ಯಾರಿಗೂ ನೆನಪಿರಲ್ಲ. ಯುರೋಪಿನ ಷೆಂಗೆನ್ ವೀಸಾ ಶುಲ್ಕವೇ ದೊಡ್ಡವರಿಗೆ ತಲಾ 90 ಯೂರೊ, ಆರು ತುಂಬಿದ ಮಗಳಿಗೆ 45, ಚಿಕ್ಕವನಿಗೆ ಮಾತ್ರ ಮಾಫಿ. ವಿಮಾನ, ಹೋಟೆಲು ಬೇರೆ. ಐದು ವರ್ಷ ತಡೆದರೆ ಸೀಸರ್ ಯಾರು ಅಂತ ಮಕ್ಕಳಿಗೇ ಗೊತ್ತಿರುತ್ತೆ. ಅಲ್ಲಿವರೆಗೂ ಬಾದಾಮಿ, ಐಹೊಳೆ ತೋರಿಸಿ.

ಹುಬ್ಬಳ್ಳಿ ಹುಳಿ
ಮೇಷ್ಟ್ರ, ಎರಡೂವರೆ ವರ್ಷದ ಕೂಸು ಉಂಡದ್ದೂ ನೆನಪಿಡಂಗಿಲ್ಲ. ಹಂಗಂತ ಉಣಸೂದು ಬಿಡ್ತೀರೇನು? ಟಿಕೆಟ್ ಆಗೇತಿ ಅಂತ ಅವರು ಹೇಳ್ಯಾರ. ಈಗ ಕೇಳಿದ್ದಕ್ಕ ಉತ್ತರ ಕೊಡೂಣು.

ಅಕ್ಕಾರ, ಮೊದಲ ಆ ಪಾಂಪೆ ಕಿತ್ತು ಒಗೀರಿ. ಫಾಸ್ಟ್ ಟ್ರೇನಿನ್ಯಾಗ ನೇಪಲ್ಸ್‌ಗೆ ಒಂದು ತಾಸಿನ ಮ್ಯಾಲೆ, ಅಲ್ಲಿಂದ ಇನ್ನೊಂದು ಲೋಕಲ್ ಟ್ರೇನು, ಅದು ಗಿಚ್ಚ ತುಂಬಿರ್ತದ. ಮುಟ್ಟಿದ ಮ್ಯಾಲೆ ನೆರಳಿಲ್ಲದ ಊರಾಗ ಅಡ್ಡಾಡೂದು. ಮತ್ತ ಸಂಜೀಕ ಅದ ಹಾದಿ ಹಿಡದು ವಾಪಸ್. ಕೂಸು ಅಳೂದಲ್ಲ, ನೀವ ಅಳ್ತೀರಿ.

ಟೆವೆರೆ ದಂಡೆ
ರೋಮ್‌ನಲ್ಲೇ ಇರುವವಳು, ನನ್ನ ಮಗ ಇಲ್ಲೇ ಶಾಲೆಗೆ ಹೋಗ್ತಾನೆ. ಹುಳಿಯವರ ಮಾತು ನಿಜ. ಪಾಂಪೆ ಬದಲು ಓಸ್ತಿಯಾ ಆಂತಿಕಾಗೆ ಹೋಗಿ. ಪ್ರಾಚೀನ ರೋಮ್‌ನ ಬಂದರು ಊರು. ಪಿರಮಿದೆ ಮೆಟ್ರೊ ನಿಲ್ದಾಣದ ಪಕ್ಕದಿಂದಲೇ ಲೋಕಲ್ ಟ್ರೇನು, ಅರ್ಧ ಗಂಟೆ ದಾರಿ, ಊರಿನೊಳಗಿನ ಬಸ್ಸಿಗೆ ತೆಗೆದುಕೊಳ್ಳುವ ಟಿಕೆಟ್ಟೇ ಸಾಕು. ನಿಲ್ದಾಣದ ಎದುರು ನಿಜವಾದ ಪಿರಮಿಡ್ಡೇ ಇದೆ! ಕ್ರಿಸ್ತಪೂರ್ವದಲ್ಲಿ ಕೆಸ್ತಿಯಸ್ ಅನ್ನೋ ರೋಮನ್ ಅಧಿಕಾರಿ ತನ್ನ ಸಮಾಧಿಗೆ ಕಟ್ಟಿಸಿಕೊಂಡದ್ದು, 36 ಮೀಟರ್ ಎತ್ತರ. ಮಗಳಿಗೆ ಮೊದಲೇ ಹೇಳಬೇಡಿ, ಮೆಟ್ರೊದಿಂದ ಹೊರಗೆ ಬಂದು ಅವಳೇ ಕಂಡುಹಿಡೀಲಿ.

ಓಸ್ತಿಯಾದಲ್ಲಿ ಪೈನ್ ಮರಗಳ ನೆರಳಿದೆ, ಹುಲ್ಲಿದೆ, ಓಡಾಡಲಿಕ್ಕೆ ಬೇಕಾದಷ್ಟು ಜಾಗ. ಹಳೇ ಹೋಟೆಲಿನ ಕಲ್ಲಿನ ಕೌಂಟರು ಹಾಗೇ ನಿಂತಿದೆ, ಗೋಡೆ ಮೇಲೆ ತಿಂಡಿಯ ಚಿತ್ರ ಇದೆ. ಸಾಲಾಗಿ ತೂತು ಕೊರೆದ ಕಲ್ಲಿನ ಸಾರ್ವಜನಿಕ ಕಕ್ಕಸು ಇದೆ. ಆರು ವರ್ಷದ ಮಗುವಿಗೆ ಇಡೀ ರೋಮನ್ ಸಾಮ್ರಾಜ್ಯದಲ್ಲಿ ಇದಕ್ಕಿಂತ ದೊಡ್ಡ ಅದ್ಭುತ ಇಲ್ಲ. ವ್ಯಾಪಾರಿಗಳ ಚೌಕದಲ್ಲಿ ನೆಲದ ಮೊಸಾಯಿಕ್‌ಗಳಿವೆ. ಒಂದೊಂದು ಊರಿನ ವರ್ತಕರದು ಒಂದೊಂದು ಗುರುತು: ಹಡಗು, ಮೀನು. ಈಗಿನ ಲಿಬಿಯಾದ ಸಬ್ರಾತಾದವರದು ಆನೆ. ಸೋಮವಾರ ಮುಚ್ಚಿರುತ್ತೆ, ಅದೊಂದು ನೋಡಿಕೊಳ್ಳಿ.

ಪುತ್ತೂರು ಪಯಣ
ಸ್ಟ್ರಾಲರ್ ವಿಷಯ ನಾನು ಹೇಳ್ತೇನೆ. ರೋಮ್‌ನ ಹಳೇ ಬೀದಿಗೆಲ್ಲ ಹಾಸಿದ್ದು ಕರಿ ಬಸಾಲ್ಟ್ ಕಲ್ಲಿನ ಗಟ್ಟಿ ತುಂಡುಗಳು, ನಡುವೆ ಸಂದು. ಸಣ್ಣ ಚಕ್ರದ ಸ್ಟ್ರಾಲರ್ ಅದರಲ್ಲಿ ದೂಡಿದರೆ ಮಗುವಿನ ಹಲ್ಲು ಕಟಕಟ ಅಂತದೆ ಮಾರಾಯ್ರೆ. ನಮ್ಮದರ ಒಂದು ಚಕ್ರ ಟ್ರಾಸ್ತೆವೆರೆ ಅನ್ನುವ ಹಳೇ ಬಡಾವಣೆಯಲ್ಲಿ ಕಳಚಿ ಹೋಯ್ತು. ಫುಟ್‌ಪಾತ್ ಅಗಲ ಇಲ್ಲ, ಇದ್ದಲ್ಲಿ ಸ್ಕೂಟರ್ ನಿಲ್ಲಿಸಿರ್ತಾರೆ. ಎಲ್ಲ ಮೆಟ್ರೊ ನಿಲ್ದಾಣದಲ್ಲೂ ಲಿಫ್ಟ್ ನಂಬಿಕೊಂಡು ಹೋಗುವ ಹಾಗೆ ಇಲ್ಲ. ಬೆನ್ನಿಗೆ ಕಟ್ಟುವ ಕ್ಯಾರಿಯರ್ ತೆಗೊಳ್ಳಿ.

ಹುಬ್ಬಳ್ಳಿ ಹುಳಿ
ಎರಡೂವರೆ ವರ್ಷದ್ದು ಹನ್ನೆರಡು ಹದಿಮೂರು ಕಿಲೋ ಇರ್ತದ. ಅದನ್ನ ಬೆನ್ನಿಗೆ ಕಟ್ಟಿಕೊಂಡು ದಿನಾ ತಿರುಗೂದು ಯಾರು? ಸಲಹೆ ಕೊಡಾಕ ಸಸಾರ. ಮಧ್ಯಾಹ್ನ ನಿದ್ದಿ ಮಾಡಿಸಾಕ ಸ್ಟ್ರಾಲರ್ ಬೇಕ ಬೇಕು. ದೊಡ್ಡ ಗಾಲಿದು, ಮಡಚೂದು ಒಯ್ರಿ.

ಟೆವೆರೆ ದಂಡೆ
ಇಲ್ಲಿನ ತಾಯಂದಿರೆಲ್ಲ ಅದೇ ಕಲ್ಲಿನ ಮೇಲೆ ಸ್ಟ್ರಾಲರ್ ತಳ್ಳಿಕೊಂಡೇ ಬದುಕ್ತಿದ್ದಾರೆ. ಎರಡೂ ತನ್ನಿ. ಫೋರಂ, ಓಸ್ತಿಯಾ ದಿನ ಕ್ಯಾರಿಯರ್. ಉದ್ಯಾನ, ನದಿ ಕಡೆ ಸ್ಟ್ರಾಲರ್.

ಈಗ ನನ್ನ ಮುಖ್ಯ ತಕರಾರು ಆ ಎರಡನೇ ದಿನದ ಮೇಲೆ. ವ್ಯಾಟಿಕನ್ ಮ್ಯೂಸಿಯಂ ಅಂದ್ರೆ ಕಿಲೋಮೀಟರ್‌ಗಟ್ಟಲೆ ಪಡಸಾಲೆ. ಜನರ ನೂಕುನುಗ್ಗಲಿನಲ್ಲಿ ಮಕ್ಕಳಿಗೆ ಕಾಣಿಸೋದು ಬೇರೆಯವರ ಬೆನ್ನು ಮಾತ್ರ. ಕೊನೆಗೆ ಸಿಸ್ಟೀನ್ ಚಾಪೆಲ್. ಅಲ್ಲಿ ಮಾತಾಡೋ ಹಾಗಿಲ್ಲ, ಫೋಟೊ ತೆಗೆಯೋ ಹಾಗಿಲ್ಲ, ಕಾವಲಿನವರು ನಿಮಿಷಕ್ಕೊಮ್ಮೆ ಸುಮ್ಮನಿರಿ ಅಂತ ಕೂಗ್ತಾರೆ. ಎರಡೂವರೆ ವರ್ಷದವನು ಅಲ್ಲಿಗೆ ಮುಟ್ಟೋ ಹೊತ್ತಿಗೆ ಹಸಿವು, ನಿದ್ದೆ, ಉಚ್ಚೆ ಎಲ್ಲ ಒಟ್ಟಿಗೆ ಬಂದಿರುತ್ತೆ. ಬಿಟ್ಟುಬಿಡಿ.

ಕಲಾಪ್ರಿಯೆ
ಇದೊಂದನ್ನು ನಾನು ಒಪ್ಪುವುದಿಲ್ಲ. ಮಕ್ಕಳಾದ ಕ್ಷಣದಿಂದ ಅಪ್ಪ ಅಮ್ಮನ ಕಣ್ಣು ಕುರುಡಾಗಬೇಕೇ? ಮೈಕೆಲಾಂಜೆಲೊ 1508ರಿಂದ 1512ರವರೆಗೆ ತಲೆ ಎತ್ತಿ ನಿಂತು ಬರೆದ ಛಾವಣಿ ಅದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿಟ್ಟು ಮತ್ತೆ ಅದೇ ಚಾಪೆಲ್‌ಗೆ ಬಂದು ಗೋಡೆಯ ಮೇಲೆ 'ಅಂತಿಮ ತೀರ್ಪು' ಬರೆದ. ಬೆಂಗಳೂರಿನಿಂದ ಅಷ್ಟು ದೂರ ಹೋದವರಿಗೆ "ಬಿಟ್ಟುಬಿಡಿ, ಬೆಕ್ಕು ನೋಡಿ" ಅನ್ನುವುದು ಸುಲಭ, ನೀವು ಅಲ್ಲೇ ಇದ್ದೀರಿ. ಬೆಳಿಗ್ಗೆ ಮೊದಲ ಹೊತ್ತಿನ ಟಿಕೆಟ್ ಆನ್‌ಲೈನಲ್ಲಿ ತೆಗೆದುಕೊಂಡು, ಉಳಿದ ಪಡಸಾಲೆ ದಾಟಿಕೊಂಡು ಸೀದಾ ಚಾಪೆಲ್‌ಗೆ ಹೋದರೆ ಆಗದ ಕೆಲಸವಲ್ಲ. ಆರು ವರ್ಷದ ಹುಡುಗಿಗೆ ದೇವರ ಬೆರಳು, ಆದಾಮನ ಬೆರಳು ಎಲ್ಲಿದೆ ಹುಡುಕು ಅಂದರೆ ಹುಡುಕುತ್ತಾಳೆ.

ಟೆವೆರೆ ದಂಡೆ
ಬೆಕ್ಕಿನ ಮಾತು ನಾನು ಎತ್ತಿರಲೇ ಇಲ್ಲ, ಎತ್ತಿಕೊಟ್ಟಿದ್ದಕ್ಕೆ ಥ್ಯಾಂಕ್ಸ್ :) ಲಾರ್ಗೊ ಅರ್ಜೆಂತೀನಾ ಅಂತ ಚೌಕ. ಕ್ರಿ.ಪೂ. 44ರಲ್ಲಿ ಸೀಸರ್‌ನನ್ನು ಇರಿದು ಕೊಂದ ಸಭಾಭವನದ ಅಳಿದುಳಿದ ಕಲ್ಲುಗಳು ಅಲ್ಲಿವೆ, ಆ ಕಲ್ಲುಗಳ ಮೇಲೆ ಇವತ್ತು ಬೆಕ್ಕುಗಳು ಬಿಸಿಲು ಕಾಯ್ತಾವೆ. ಅಲ್ಲೇ ಅವುಗಳ ಆರೈಕೆ ಕೇಂದ್ರವೂ ಇದೆ.

ಚಿತ್ರ ಶಿಲ್ಪ ನೋಡಲೇಬೇಕು ಅನ್ನೋರಿಗೆ ಬೊರ್ಗೆಸೆ ಗ್ಯಾಲರಿ ಇದೆಯಲ್ಲ. ಗೊತ್ತಾದ ಹೊತ್ತಿಗೆ ತಂಡ ತಂಡವಾಗಿ ಬಿಡ್ತಾರೆ, ಎಣಿಸಿದಷ್ಟೇ ಜನ, ಎರಡು ಗಂಟೆ ಆದ ಕೂಡಲೇ ಹೊರಗೆ. ಬೆರ್ನಿನಿ ಕೆತ್ತಿದ ದಾಫ್ನೆ ಅಲ್ಲೇ ಇದ್ದಾಳೆ, ಓಡ್ತಾ ಓಡ್ತಾ ಮರವಾಗ್ತಿರೋ ಹುಡುಗಿ, ಬೆರಳ ತುದಿಯಿಂದ ಎಲೆ ಚಿಗುರಿದೆ. ನನ್ನ ಮಗ ಸುತ್ತು ಹಾಕಿ ಹಾಕಿ ನೋಡಿದ್ದ. ಹೊರಗೆ ಬಂದರೆ ಉದ್ಯಾನ, ಕೆರೆಯಲ್ಲಿ ಹುಟ್ಟು ಹಾಕೋ ದೋಣಿ, ಬಾಡಿಗೆಗೆ ನಾಲ್ಕು ಚಕ್ರದ ಸೈಕಲ್ಲು. ಮುಂಗಡ ಬುಕಿಂಗ್ ಕಡ್ಡಾಯ.

ಕಲಾಪ್ರಿಯೆ
ಬೊರ್ಗೆಸೆ ಒಪ್ಪಿದೆ. ಆದರೆ ಅದು ಸಿಸ್ಟೀನ್‌ಗೆ ಬದಲಿ ಅಲ್ಲ. ಅಪ್ಪ ಅಮ್ಮ ಸರದಿ ಮೇಲೆ ಹೋಗಲಿ, ಒಬ್ಬರು ಒಳಗೆ, ಇನ್ನೊಬ್ಬರು ಮಕ್ಕಳ ಜೊತೆ.

ಹುಬ್ಬಳ್ಳಿ ಹುಳಿ
ಸರದಿ! ನಾ ಕಂಡ ಮಟ್ಟಿಗೆ ಸರದಿ ಅಂದ್ರ ಗಂಡ ಒಳಗ, ಹೆಂಡ್ತಿ ಹೊರಗ ಕೂಸಿಗೆ ಬಿಸ್ಕೀಟು ತಿನಸಕೋತ. ಅವಂದು ಮುಗಿಯೂದ್ರಾಗ "ಸಾಕಾತು ನಡೀರಿ" ಅಂತಾರ. ಸರದಿ ಮಾಡೂದಾದ್ರ ಮೊದಲನೇ ಸರದಿ ಅಕ್ಕಾರದು.

ಪುತ್ತೂರು ಪಯಣ
ಇದು ನೂರಕ್ಕೆ ನೂರು ಸರಿ.

ಲೆಕ್ಕದ ಮೇಷ್ಟ್ರು
ಸರದಿ ಅಂದರೆ ಅರ್ಧ ದಿನ ಹೋಯ್ತು. ನಾಲ್ಕು ದಿನದಲ್ಲಿ ಅರ್ಧ ದಿನ ಅಂದರೆ ಎಂಟನೇ ಒಂದು ಭಾಗ. ಅದಿರಲಿ, ಕೊಲೋಸಿಯಂ ಟಿಕೆಟ್ಟಿನ ಬಗ್ಗೆ ಯಾರೂ ಹೇಳಲೇ ಇಲ್ಲ.

ಟೆವೆರೆ ದಂಡೆ
ಹೇಳ್ತೀನಿ ಮೇಷ್ಟ್ರೇ. ಕೊಲೋಸಿಯಂ, ಫೋರಂ, ಪಾಲಟೈನ್ ಗುಡ್ಡ ಮೂರಕ್ಕೂ ಒಂದೇ ಟಿಕೆಟ್. 18ರೊಳಗಿನವರಿಗೆ ಉಚಿತ, ಆದರೆ ಮಕ್ಕಳ ಹೆಸರಲ್ಲೂ ಸೊನ್ನೆ ಬೆಲೆಯ ಟಿಕೆಟ್ ತೆಗೆದುಕೊಳ್ಳಲೇಬೇಕು, ಟಿಕೆಟ್ ಮೇಲೆ ಹೆಸರಿರುತ್ತೆ, ಪಾಸ್‌ಪೋರ್ಟ್ ಜೊತೆಗಿರಲಿ. ಅಧಿಕೃತ ಜಾಲತಾಣದಲ್ಲಿ ಸುಮಾರು ತಿಂಗಳ ಮುಂಚೆ ಬಿಡ್ತಾರೆ, ಬೇಗ ಖಾಲಿ. ಇದೂ ಲೆಕ್ಕಕ್ಕೆ ಸೇರಿಸಿಕೊಳ್ಳಿ: ಪ್ಯಾಂಥಿಯನ್ ಅನ್ನೋ ಪ್ರಾಚೀನ ರೋಮನ್ ಗುಡಿಗೂ ದೊಡ್ಡವರಿಗೆ ಟಿಕೆಟ್ ಇದೆ, ಮಕ್ಕಳಿಗಿಲ್ಲ. ಹತ್ತು ವರ್ಷದೊಳಗಿನವರಿಗೆ ಬಸ್ಸು ಮೆಟ್ರೊ ಉಚಿತ. ಸೇಂಟ್ ಪೀಟರ್ಸ್ ಒಳಗೆ ಹೋಗಲಿಕ್ಕೆ ದುಡ್ಡಿಲ್ಲ, ತಪಾಸಣೆಯ ಸಾಲು ಮಾತ್ರ ಉದ್ದ, ಭುಜ ಮೊಣಕಾಲು ಮುಚ್ಚಿರಬೇಕು. ಗುಮ್ಮಟ ಮಾತ್ರ ಯೋಚಿಸಿ: ಒಟ್ಟು 551 ಮೆಟ್ಟಿಲು, ಲಿಫ್ಟ್ ಹಿಡಿದರೂ 320 ಉಳಿಯುತ್ತೆ, ಮೇಲೆ ಹೋಗ್ತಾ ಗೋಡೆಯೇ ವಾಲಿಕೊಂಡು ಬರುತ್ತೆ. ಮಧ್ಯದಲ್ಲಿ "ಎತ್ಕೋ" ಅಂದರೆ ವಾಪಸ್ ತಿರುಗಲಿಕ್ಕೂ ಜಾಗ ಇಲ್ಲ.

ನನ್ನನ್ನು ಕೇಳಿದರೆ ಮಕ್ಕಳಿಗೆ ರೋಮ್ ಇರೋದು ಬೀದಿಯಲ್ಲಿ, ಗೇಟಿನೊಳಗಲ್ಲ. ಬೀದಿ ಬೀದಿಯಲ್ಲೂ ಎರಕದ ಕಬ್ಬಿಣದ ನಲ್ಲಿಗಳಿವೆ, ನಾಸೋನೆ ಅಂತಾರೆ, 1870ರ ದಶಕದಿಂದ ಹಾಕಿದ್ದು, ಈಗ ಸುಮಾರು 2,500. ನೀರು ಸದಾ ಹರೀತಿರುತ್ತೆ, ತಣ್ಣಗೆ, ಕುಡಿಯಬಹುದು. ನಲ್ಲಿಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ಬುಗ್ಗೆ ಏಳುತ್ತೆ. ಇದನ್ನು ಕಲಿಸಿದ ದಿನ ಬದಲಿ ಬಟ್ಟೆ ಇಟ್ಟುಕೊಂಡಿರಿ. ಪ್ಯಾಂಥಿಯನ್ ಹಿಂದಿನ ಮಿನೆರ್ವಾ ಚೌಕದಲ್ಲಿ ಬೆರ್ನಿನಿಯ ಆನೆ, ಬೆನ್ನ ಮೇಲೆ ಈಜಿಪ್ಟಿನ ಕಲ್ಲುಕಂಬ ಹೊತ್ತು ನಿಂತಿದೆ, 1667ರದು. ಮತ್ತೇಯಿ ಚೌಕದ ಕಾರಂಜಿಯ ಅಂಚಿನಲ್ಲಿ ನಾಲ್ಕು ಆಮೆ ನೀರು ಕುಡಿಯಲಿಕ್ಕೆ ಹತ್ತುತ್ತಿವೆ. ಕ್ಯಾಪಿಟೊಲೈನ್ ಮ್ಯೂಸಿಯಂ ಅಂಗಳದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಕಲ್ಲಿನ ಪಾದ, ನಿಮ್ಮ ಮಗನಿಗಿಂತ ದೊಡ್ಡದು. ಮಗಳ ಕೈಗೊಂದು ಪುಸ್ತಕ ಕೊಟ್ಟು ಕಂಡ ಪ್ರಾಣಿಗಳನ್ನೆಲ್ಲ ಬರೀ ಅನ್ನಿ. ಮಧ್ಯಾಹ್ನ ಹನ್ನೆರಡಕ್ಕೆ ಜನಿಕೊಲೊ ಗುಡ್ಡದಲ್ಲಿ ದಿನಾ ತೋಪು ಹಾರಿಸ್ತಾರೆ. ಚಿಕ್ಕವನ ಕಿವಿ ಮುಚ್ಚಿ.

ಪುತ್ತೂರು ಪಯಣ
ಕೊಲೋಸಿಯಂ ಹತ್ತಿರವೇ ಸಾನ್ ಕ್ಲೆಮೆಂತೆ ಅಂತ ಚರ್ಚ್ ಉಂಟು, ಅದನ್ನು ಬಿಡಬೇಡಿ. ಮೇಲೆ 12ನೇ ಶತಮಾನದ ಚರ್ಚ್, ಮೆಟ್ಟಿಲಿಳಿದರೆ 4ನೇ ಶತಮಾನದ ಚರ್ಚ್, ಇನ್ನೂ ಇಳಿದರೆ ರೋಮನ್ನರ ಕಾಲದ ಓಣಿ, ಮಿಥ್ರಾಸ್ ಅನ್ನುವ ದೇವರ ಗುಡಿ. ಅಡಿಯಲ್ಲಿ ನೀರು ಹರಿಯುವ ಶಬ್ದ ಕೇಳ್ತದೆ. ಊರಿನ ಮೇಲೆ ಊರು ಕಟ್ಟಿದ್ದು ಅಂತ ನಾವು ಬಾಯಲ್ಲಿ ಹೇಳಿದ್ದು ನನ್ನ ಮಗಳಿಗೆ ಅಲ್ಲಿ ಕಾಲಿಗೆ ಗೊತ್ತಾಯ್ತು. ಮೆಟ್ಟಿಲಿಗೆ ಸ್ಟ್ರಾಲರ್ ಆಗುವುದಿಲ್ಲ.

ಸಿಂಚನಾಳ ಅಮ್ಮ
ಎಲ್ಲಾ ಬರ್ಕೊಳ್ತಿದ್ದೀನಿ. ಊಟದ್ದು ಯಾರಾದ್ರೂ ಹೇಳಿ. ಮಗ ಮೊಸರನ್ನ ಬಿಟ್ಟು ಬೇರೆ ಮುಟ್ಟೋದು ಕಷ್ಟ.

ಟೆವೆರೆ ದಂಡೆ
ಯಾವ ಹೋಟೆಲಲ್ಲಾದರೂ "ಪಾಸ್ತಾ ಇನ್ ಬಿಯಾಂಕೊ" ಕೇಳಿ. ಬರೀ ಬೆಣ್ಣೆ ಅಥವಾ ಎಣ್ಣೆ ಹಾಕಿದ ಪಾಸ್ತಾ. ಮೆನುವಿನಲ್ಲಿ ಇಲ್ಲದಿದ್ದರೂ ಮಕ್ಕಳಿಗೆ ಅಂದರೆ ಮಾಡಿಕೊಡ್ತಾರೆ. ಮೊಟ್ಟೆ ಬೇಡದವರು ತಾಜಾ ಪಾಸ್ತಾ ಬದಲು ಒಣ ಪಾಸ್ತಾ ಕೇಳಿ, ತಾಜಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತೆ. ಕಾರ್ಬೊನಾರಾ ದೂರವಿಡಿ, ಮೊಟ್ಟೆಯೂ ಹೌದು, ಹಂದಿಯೂ ಹೌದು. ಸುಪ್ಲಿ ಅಂತ ಕರಿದ ಅನ್ನದ ಉಂಡೆ ಕಂಡು ಖುಷಿಪಟ್ಟು ತಗೋಬೇಡಿ, ಒಳಗೆ ಮಾಂಸದ ಸಾಸ್ ಇರೋದೇ ಹೆಚ್ಚು. ಪೆಕೊರೀನೊ ಚೀಸಿಗೆ ಕುರಿಮರಿಗಳ ಹೊಟ್ಟೆಯ ಹೆಪ್ಪು ಹಾಕ್ತಾರೆ, ಕಟ್ಟುನಿಟ್ಟಿನವರಾದರೆ ಅದೂ ಗಮನದಲ್ಲಿರಲಿ. ಮಾರಿನಾರಾ ಪಿಜ್ಜಾದಲ್ಲಿ ಚೀಸೇ ಇಲ್ಲ, ಟೊಮ್ಯಾಟೊ ಬೆಳ್ಳುಳ್ಳಿ ಅಷ್ಟೇ. ರಾತ್ರಿ ಊಟದ ಹೋಟೆಲುಗಳು ಏಳೂವರೆ ಮೇಲೇ ತೆರೆಯೋದು. ಅಷ್ಟು ಹೊತ್ತು ಮಕ್ಕಳು ತಡೆಯಲ್ಲ, ಆರಕ್ಕೆಲ್ಲ ತೂಕದ ಮೇಲೆ ಮಾರುವ ಪಿಜ್ಜಾ ಅಂಗಡಿಗೆ ನುಗ್ಗಿ. ಮೊಸರು ಎಲ್ಲ ಸೂಪರ್ ಮಾರ್ಕೆಟ್‌ನಲ್ಲೂ ಸಿಗುತ್ತೆ. ಅಕ್ಕಿ ಕುಕ್ಕರ್ ಒಯ್ಯಬೇಡಿ, ಅಡುಗೆಮನೆ ಇರೋ ಮನೆ ಬಾಡಿಗೆಗೆ ಹಿಡೀರಿ.

ಇನ್ನೊಂದು. ನೀವು ಇಳಿಯೋ ಮರುದಿನ, ಏಪ್ರಿಲ್ 21, ರೋಮ್‌ನ ಹುಟ್ಟುಹಬ್ಬ. ಕ್ರಿ.ಪೂ. 753ರಲ್ಲಿ ರೊಮ್ಯುಲಸ್ ಊರು ಕಟ್ಟಿದ ಅಂತ ನಂಬುವ ದಿನ. ಅದರ ಆಸುಪಾಸಿನ ದಿನಗಳಲ್ಲಿ ಚಿರ್ಕೊ ಮಾಸ್ಸಿಮೊ ಬಯಲಿನ ಹತ್ತಿರ ರೋಮನ್ ಸೈನಿಕರ ವೇಷದಲ್ಲಿ ಮೆರವಣಿಗೆ ಇರುತ್ತೆ, ಯಾವ ದಿನ ಅಂತ ಮೊದಲೇ ನೋಡಿಕೊಳ್ಳಿ. ಆ ಹೊತ್ತಿನಲ್ಲೇ ಪ್ಯಾಂಥಿಯನ್ ಗುಮ್ಮಟದ ಕಂಡಿಯಿಂದ ನಡುಮಧ್ಯಾಹ್ನ ಬಿಸಿಲ ಕೋಲು ಸರಿಯಾಗಿ ಬಾಗಿಲ ಮೇಲೆ ಬೀಳುತ್ತೆ, ಸಂಕ್ರಾಂತಿಗೆ ಗವಿಗಂಗಾಧರೇಶ್ವರನ ಗುಡಿಯಲ್ಲಿ ಬಿದ್ದ ಹಾಗೆ. ಬೇಸಿಗೆಯಲ್ಲಿ ಇಲ್ಲಿನ ಗಡಿಯಾರ ಒಂದು ಗಂಟೆ ಮುಂದಿರೋದ್ರಿಂದ ಹನ್ನೆರಡಕ್ಕಲ್ಲ, ಮಧ್ಯಾಹ್ನ 1 ದಾಟಿದ ಮೇಲೆ ನೋಡಿ.

ಕಲಾಪ್ರಿಯೆ
ಇದು ನನಗೂ ಗೊತ್ತಿರಲಿಲ್ಲ. ಆದರೂ ಸಿಸ್ಟೀನ್ ಬಿಟ್ಟರೆ ನಾನು ಮಾತಾಡಿಸುವುದಿಲ್ಲ.

ಸಿಂಚನಾಳ ಅಮ್ಮ
ನಿನ್ನೆ ರಾತ್ರಿ ಶೀಟು ತಿದ್ದಿದ್ವಿ. 21: ಪ್ಯಾಂಥಿಯನ್, ಆನೆ, ಬೆಕ್ಕು, ಆಮೆ. 22: ಬೆಳಿಗ್ಗೆ ಕೊಲೋಸಿಯಂ, ಮನೆಗೆ ಬಂದು ನಿದ್ದೆ, ಸಂಜೆ ಸಾನ್ ಕ್ಲೆಮೆಂತೆ ತೆರೆದಿದ್ರೆ ಅದು. ಫೋರಂ ಹೊರಗಿನಿಂದಲೇ. 23: ಓಸ್ತಿಯಾ. 24: ಬೆಳಿಗ್ಗೆ ಮೊದಲ ಹೊತ್ತಿಗೆ ಸಿಸ್ಟೀನ್‌ಗೆ ನಾನೊಬ್ಬಳೇ, ಆಮೇಲೆ ಎಲ್ಲರೂ ಬೊರ್ಗೆಸೆ ಉದ್ಯಾನ. ಎಜಮಾನ್ರು ಗುಮ್ಮಟ ಬಿಡೋಕೆ ತಯಾರಿಲ್ಲ, ಅದೂ 24ಕ್ಕೇ, ನಾನು ಹೊರಗೆ ಬಂದ ಮೇಲೆ ಅವರ ಸರದಿ ಅಂತೆ. 25ರ ಬೆಳಿಗ್ಗೆ ಏನಾದ್ರೂ ತುರುಕಬಹುದಾ?

ಟೆವೆರೆ ದಂಡೆ
25 ಇಲ್ಲಿ ವಿಮೋಚನಾ ದಿನದ ಸರ್ಕಾರಿ ರಜೆ. ಇಡೀ ಊರೇ ಹೊರಗೆ ಬಂದಿರುತ್ತೆ, ಮಧ್ಯದಲ್ಲಿ ಕೆಲವು ರಸ್ತೆ ಮುಚ್ಚಿರ್ತಾರೆ. ಏನೂ ತುರುಕಬೇಡಿ, ಏರ್‌ಪೋರ್ಟಿಗೆ ಬೇಗ ಹೊರಡಿ.

ಲೆಕ್ಕದ ಮೇಷ್ಟ್ರು
ಹೊಸ ಶೀಟಿನಲ್ಲಿ ಸಿಸ್ಟೀನ್‌ಗೂ ಗುಮ್ಮಟಕ್ಕೂ ಒಬ್ಬೊಬ್ಬರದೇ ಟಿಕೆಟ್ ಸಾಕು, ಅದು ಮೆಚ್ಚಿದೆ. ಐದು ವರ್ಷ ಬಿಟ್ಟು ಹೋಗಿದ್ದರೆ ಚೆನ್ನಾಗಿತ್ತು ಅನ್ನೋದು ಹಾಗೇ ಇದೆ.

ಹುಬ್ಬಳ್ಳಿ ಹುಳಿ
ಐದು ವರ್ಷದ ಮ್ಯಾಲೆ ಚಿಕ್ಕವಗೂ ವೀಸಾಕ್ಕ 45 ಯೂರೊ ಬೀಳ್ತದ್ರೀ ಮೇಷ್ಟ್ರ. ಲೆಕ್ಕಾ ಮತ್ತೊಮ್ಮೆ ಮಾಡ್ರಿ.