ಅಪ್‌ಡೇಟ್: ಗೇಮ್‌ನಲ್ಲಿ ಒಡೆಯುತ್ತಿದ್ದ ಕನ್ನಡ ಸರಿಯಾಯ್ತು

ಕಾಫಿ ತೋಟದ ಪುಟ್ಟ ಗೇಮ್‌ನ ಮಾತುಕತೆಯಲ್ಲಿ ಕನ್ನಡ ಯಾಕೆ ಒಡೆಯುತ್ತೆ ಅಂತ ಮಡಿಕೇರಿಯಿಂದ ಕೇಳಿದ್ದೆ. ಪರಿಹಾರ ಸಿಕ್ಕಿದೆ, ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಬ್ರೌಸರ್‌ನಲ್ಲಿ ಬರೀ ಚೌಕ ಕಾಣೋದಕ್ಕೆ ಕಾರಣ ಫಾಂಟ್. ನಾನು ಗೇಮ್ ಮಾಡಿದ ಸಾಫ್ಟ್‌ವೇರ್ ಗೊಡೊ ಎಂಜಿನ್ 4, ಕಂಪ್ಯೂಟರ್‌ನಲ್ಲಿ ಸಿಸ್ಟಂ ಫಾಂಟನ್ನೇ ಬಳಸಿಕೊಳ್ಳುತ್ತೆ. ವೆಬ್ ಎಕ್ಸ್‌ಪೋರ್ಟ್‌ನಲ್ಲಿ (ಬ್ರೌಸರ್‌ಗಾಗಿ ತಯಾರಿಸಿದ ಆವೃತ್ತಿಯಲ್ಲಿ) ಆ ದಾರಿಯಿಲ್ಲ. ‘ನೋಟೊ ಸಾನ್ಸ್ ಕನ್ನಡ’ ಅನ್ನೋ ಫಾಂಟ್‌ನ ಫೈಲನ್ನು ಪ್ರಾಜೆಕ್ಟ್‌ಗೆ ಹಾಕಿ, ಥೀಮ್‌ನ (ಗೇಮ್‌ನ ನೋಟದ ಸೆಟ್ಟಿಂಗ್‌ನ) ಡೀಫಾಲ್ಟ್ ಫಾಂಟ್ ಮಾಡಿ.

ನಿಜವಾದ ಕಾಟ ಅಕ್ಷರ ಒಂದೊಂದಾಗಿ ಮೂಡುವ ಎಫೆಕ್ಟ್‌ನದು. ‘ಕಕ್ಕಬ್ಬೆ’ ಮೂಡುವಾಗ ಮೊದಲು ‘ಕಕ್’ ಕಾಣಿಸಿ, ಆಮೇಲೆ ಥಟ್ಟನೆ ‘ಕಕ್ಕ’ ಆಗುತ್ತೆ. ಯಾಕಂದ್ರೆ ಎಂಜಿನ್ ಮೊದಲು ಪಠ್ಯ ಕತ್ತರಿಸಿ, ಆಮೇಲೆ ಒತ್ತು ಜೋಡಿಸುತ್ತೆ. ಪಠ್ಯ ತೋರಿಸುವ ಲೇಬಲ್‌ನ ‘ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್’ ಸೆಟ್ಟಿಂಗನ್ನು ‘ಆಫ್ಟರ್ ಶೇಪಿಂಗ್’ಗೆ (ಅಂದ್ರೆ ಒತ್ತು ಜೋಡಿಸಿದ ಮೇಲೆ ಕತ್ತರಿಸೋದಕ್ಕೆ) ಬದಲಿಸಿ. ಗೊಡೊ 3ರಲ್ಲಿ ಈ ಆಯ್ಕೆಯೇ ಇಲ್ಲ. ಕನ್ನಡದಲ್ಲಿ ಗೇಮ್ ಮಾಡೋರು 4ರಿಂದಲೇ ಶುರು ಮಾಡಿ.