ಅಪ್‌ಡೇಟ್: ಜಿಪ್ಸಿಯ ಕ್ಯಾಮ್ ಬದಲಿಸಲಿಲ್ಲ

ನನ್ನ ಮಾರುತಿ ಜಿಪ್ಸಿಯ 1.3 ಲೀಟರ್ ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಎಂಜಿನ್‌ಗೆ ಜಾಸ್ತಿ ಡ್ಯುರೇಶನ್ ಇರುವ, ಅಂದರೆ ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ರ್‍ಯಾಲಿ ಕ್ಯಾಮ್ (ವಾಲ್ವ್‌ಗಳನ್ನು ತೆರೆದು ಮುಚ್ಚುವ ಶಾಫ್ಟ್) ಹಾಕಿಸಲಾ ಅಂತ ಕೇಳಿದ್ದೆ ಅಲ್ವಾ, ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಅಂಥದ್ದೇ ಕ್ಯಾಮ್ ಇರುವ ಸ್ನೇಹಿತನ ಗಾಡಿ ಓಡಿಸಿ ನೋಡಿದೆ. ಕಂಪನಿ ಕ್ಯಾಮನ್ನೇ ಉಳಿಸಿಕೊಂಡಿದ್ದೇನೆ.

ಅವನ ಗಾಡಿ 4500 ಆರ್‌ಪಿಎಂ ದಾಟಿದ ಮೇಲೆ ಎಳೆಯುವ ರೀತಿಯೇ ಬೇರೆ, ನಿಜಕ್ಕೂ ಖುಷಿಯಾಯಿತು. ಆದರೆ ಕಡಿಮೆ ಆರ್‌ಪಿಎಂನಲ್ಲಿ ದಮ್ಮೇ ಇಲ್ಲ. ಆ ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ (ಗಾಳಿ, ಪೆಟ್ರೋಲ್ ಒಳಗೆ ಬಿಡುವುದು) ತಡವಾಗಿ ಮುಚ್ಚುತ್ತದೆ, ಹಾಗಾಗಿ ಎಂಜಿನ್ ನಿಧಾನವಾಗಿ ತಿರುಗುವಾಗ ಪಿಸ್ಟನ್ ಮೇಲೆ ಬರುತ್ತಾ ಒಳಗೆ ಬಂದ ಗಾಳಿ, ಪೆಟ್ರೋಲನ್ನು ಸ್ವಲ್ಪ ವಾಪಸ್ ಮ್ಯಾನಿಫೋಲ್ಡ್‌ಗೇ (ಅವು ಒಳಬರುವ ಕೊಳವೆಗೇ) ತಳ್ಳಿಬಿಡುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ (ಹೊಗೆ ಹೊರಬಿಡುವ) ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತೂ ಜಾಸ್ತಿ, ಅದಕ್ಕೇ ಐಡಲ್ ಕುಂಟುತ್ತದೆ. ಕ್ಯಾಮ್‌ನ ಪುಲ್ಲಿ ತಿರುಗಿಸಿ ವಾಲ್ವ್ ತೆರೆಯುವ ಸಮಯ ಸರಿಮಾಡೋಣ ಅಂದರೆ ಇದು ಒಂದೇ ಕ್ಯಾಮ್‌ನ ಎಂಜಿನ್, ಇನ್‌ಟೇಕ್, ಎಕ್ಸಾಸ್ಟ್ ಎರಡೂ ಸೇರಿಯೇ ಸರಿಯುತ್ತವೆ, ಒಟ್ಟಿಗೆ ತೆರೆದಿರುವ ಹೊತ್ತು ಕಡಿಮೆಯಾಗುವುದಿಲ್ಲ.

ನನಗೆ ಬೇಕಿರುವುದು ಚಿಕ್ಕಮಗಳೂರಿನ ತೋಟದ ಏರಿನಲ್ಲಿ, ಎರಡನೇ ಗೇರ್‌ನಲ್ಲಿ, 2000 ಆರ್‌ಪಿಎಂಗೆ ಸಿಗುವ ಎಳೆತ. ಕಂಪನಿ ಹೇಳುವ 80 ಎಚ್‌ಪಿ ಸಿಗುವುದೇ 6000ಕ್ಕೆ, ಅಲ್ಲಿಗೆ ನಾನು ಹೋಗುವುದು ಅಪರೂಪ. ಸದ್ಯ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಬಳಿಯ ಸಣ್ಣ ಸಂದು) ಸೆಟ್ ಮಾಡಿಸಿ ಟೈಮಿಂಗ್ ಬೆಲ್ಟ್ ಹೊಸದು ಹಾಕಿಸಿದ್ದೇನೆ, ಏರಿನಲ್ಲಿ ಚೆನ್ನಾಗಿ ಎಳೆಯುತ್ತಿದೆ. ರ್‍ಯಾಲಿಗೇ ಇಳಿಯುವವರು ಧೈರ್ಯವಾಗಿ ಹಾಕಿಸಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟ್ಯೂನಿಂಗ್ ಖರ್ಚನ್ನೂ ಸೇರಿಸಿಕೊಳ್ಳಿ.